ನಾಲ್ಕು ಲ್ಯಾಂಡ್ ಹಾಗೇ ಬಿಟ್ಟು

ನಮ್ಮ ಅಜ್ಜಿ ಆಡು-ಹುಲಿ ಆಟಕ್ಕೆ ಕೂತರೆ ಯಾವತ್ತೂ ಆಡಿನ ಪಕ್ಷವೇ. ತೀರ್ಥಹಳ್ಳಿ ಕಡೆಯ ಮನೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, 3 ಹುಲಿಗೆ ಮೂರು ಗೋಟಡಿಕೆ, 15 ಆಡಿಗೆ ಹುಣಸೆಬೀಜ ಇಟ್ಟುಕೊಳ್ಳುತ್ತಿದ್ದೆವು. ಮಕ್ಕಳಿಗೆಲ್ಲ ಹುಲಿಯೇ ಬೇಕು, ಹಾರಿ ಹಾರಿ ತಿನ್ನಬಹುದಲ್ಲ. ಆಡಿಗೆ ತಿನ್ನುವ ಹಕ್ಕಿಲ್ಲ. ಅಜ್ಜಿ ಒಂದೊಂದೇ ಬೀಜ ಇಡುತ್ತಾ ಹೋಗುತ್ತಿದ್ದಳು. ಎರಡು ಮೂರು ನಮ್ಮ ಪಾಲಾದರೂ ಅವಳ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಕೊನೆಗೆ ನೋಡಿದರೆ ನಮ್ಮ ಮೂರೂ ಹುಲಿಗೆ ಕದಲಲು ಜಾಗ ಇರುತ್ತಿರಲಿಲ್ಲ.

ಅಜ್ಜಿಯ ಆ ಆಟ ನನಗೆ ಮತ್ತೆ ಎದುರಾದದ್ದು 2018ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ರೆಂಟನ್ ಎಂಬ ಊರಲ್ಲಿ. ಸಿಯಾಟಲ್‌ಗೆ ತಾಗಿಕೊಂಡಿರುವ ಊರು ಅದು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದ ಮೇಲೆ ಒಂದು ವರ್ಷ ಅಲ್ಲಿದ್ದೆ. ಶುಕ್ರವಾರ ಸಂಜೆ ರೂಮಿಗೆ ಹೋಗಲು ಮನಸ್ಸಾಗದೆ, ದೀಪ ಉರಿಯುತ್ತಿದ್ದ ಒಂದು ಆಟದ ಅಂಗಡಿಗೆ ಹೊಕ್ಕೆ. ಒಳಗೆ ಉದ್ದುದ್ದ ಮೇಜು, ನಲವತ್ತು ಜನ, ಎಲ್ಲರ ಕೈಯಲ್ಲೂ ಬಣ್ಣದ ಎಲೆಗಳು. ಮ್ಯಾಜಿಕ್: ದ ಗ್ಯಾದರಿಂಗ್ ಆಡುತ್ತಿದ್ದರು. ಆ ಆಟವನ್ನು ಅಚ್ಚು ಹಾಕುವ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿಯ ಕಚೇರಿ ಇರುವುದೂ ರೆಂಟನ್‌ನಲ್ಲೇ ಎಂದು ಆಮೇಲೆ ತಿಳಿಯಿತು.

ಒಂದು ಮೇಜಿನ ಬಳಿ ನಿಂತೆ. ಒಬ್ಬ ಹುಡುಗ ಸರದಿಗೊಂದು ಪ್ರಾಣಿ ಇಳಿಸಿ ಹೊಡೆಯುತ್ತಿದ್ದ. ಎದುರಿಗೆ ಬಿಳಿ ಗಡ್ಡದ ಹಿರಿಯರೊಬ್ಬರು ಲ್ಯಾಂಡ್ ಇಳಿಸಿ 'ಪಾಸ್' ಎನ್ನುತ್ತಿದ್ದರು. ಮತ್ತೆ ಲ್ಯಾಂಡ್, ಮತ್ತೆ 'ಪಾಸ್'. ಅವರ ಕಡೆಯ ಮೇಜು ಖಾಲಿ. ಐದನೇ ಸರದಿಗೆ ಒಂದೇ ಎಲೆ ಹಾಕಿದರು, ಹುಡುಗನ ನಾಲ್ಕು ಪ್ರಾಣಿಗಳೂ ಸತ್ತವು. ಇಪ್ಪತ್ತು ನಿಮಿಷದ ನಂತರ ಹುಡುಗನ ಕೈ ಖಾಲಿ, ಹಿರಿಯರ ಕೈತುಂಬ ಎಲೆ. ಇದು ಯಾವ ಬಗೆಯ ಡೆಕ್ ಎಂದು ಕೇಳಿದೆ. ಕಂಟ್ರೋಲ್, ಎಂದರು.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಇಸ್ಪೀಟಿನಲ್ಲಿ ಇರುವುದು ಒಂದೇ ಕಟ್ಟು, ಎಲ್ಲರೂ ಅದರಿಂದಲೇ ಎಲೆ ಎತ್ತುತ್ತೇವೆ. ಮ್ಯಾಜಿಕ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ಮನೆಯಲ್ಲೇ ಜೋಡಿಸಿಕೊಂಡು ಬರುತ್ತಾರೆ. ಅದೇ ಡೆಕ್. ಕಡಿಮೆಯೆಂದರೆ 60 ಎಲೆ. ಬೇಸಿಕ್ ಲ್ಯಾಂಡ್ ಬಿಟ್ಟರೆ ಒಂದೇ ಹೆಸರಿನ ಎಲೆ 4ಕ್ಕಿಂತ ಹೆಚ್ಚು ಇರುವಂತಿಲ್ಲ. ಇಬ್ಬರಿಗೂ ತಲಾ 20 ಜೀವ. ಶುರುವಿಗೆ ಕೈಯಲ್ಲಿ 7 ಎಲೆ, ಆಮೇಲೆ ಸರದಿಗೊಂದು. ಲ್ಯಾಂಡನ್ನೂ ಸರದಿಗೊಂದೇ ಇಳಿಸಬೇಕು. ಅದನ್ನು ಅಡ್ಡ ತಿರುಗಿಸಿದರೆ, ಅಂದರೆ ಟ್ಯಾಪ್ ಮಾಡಿದರೆ, ಮನಾ ಹುಟ್ಟುತ್ತದೆ; ಮಿಕ್ಕ ಎಲೆಗಳಿಗೆಲ್ಲ ಮನಾದಲ್ಲೇ ಬೆಲೆ ಕೊಡಬೇಕು. ಕ್ರೀಚರ್ ಎಂಬ ಪ್ರಾಣಿಗಳು ಮೇಜಿನ ಮೇಲೆ ನಿಂತು ಹೊಡೆಯುತ್ತವೆ. ಸ್ಪೆಲ್‌ಗಳು ಒಮ್ಮೆ ಕೆಲಸ ಮಾಡಿ ಮುಗಿಯುತ್ತವೆ. ಜೀವ ಸೊನ್ನೆಗಿಳಿದವರು ಸೋತಂತೆ. ಎಲೆ ಎತ್ತಬೇಕಾದಾಗ ಕಟ್ಟು ಬರಿದಾಗಿದ್ದರೂ ಸೋಲೇ. ಈ ಕೊನೆಯ ನಿಯಮ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇದನ್ನು ರೂಪಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ. ಆಟ ಹೊರಬಂದದ್ದು 1993ರಲ್ಲಿ, ಅವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದ ವರ್ಷವೇ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಐದು ಬಣ್ಣ ಮಾಡಿ ಒಂದೊಂದಕ್ಕೂ ಒಂದು ಸ್ವಭಾವ ಕೊಟ್ಟರು. ಕೆಂಪಿಗೆ ಆತುರ. ನೀಲಿಗೆ ಎಲೆ ಎತ್ತುವುದು, ಎದುರಾಳಿ ಆಡಿದ್ದನ್ನು ಆಡುವ ಹೊತ್ತಿಗೇ ರದ್ದು ಮಾಡುವುದು. ಬಿಳಿಗೆ ಮೇಜನ್ನು ಗುಡಿಸಿ ಹಾಕುವ ಶಕ್ತಿ. ನೀಲಿ ಬಿಳಿ ಸೇರಿದರೆ ಕಂಟ್ರೋಲ್‌ಗೆ ಹೇಳಿ ಮಾಡಿಸಿದ ಜೋಡಿ. ಮೊದಲ ಸರದಿಯಿಂದಲೇ ನುಗ್ಗುವ ಡೆಕ್ಕನ್ನು ಆಗ್ರೋ ಎನ್ನುತ್ತಾರೆ. ಎರಡು ಮೂರು ಎಲೆ ಕೂಡಿದ ಕ್ಷಣಕ್ಕೆ ಆಟ ಮುಗಿಸುವುದು ಕಾಂಬೋ.

ಕಂಟ್ರೋಲ್ ಎಂಬ ವಿಚಾರಕ್ಕೆ ಮೊದಲು ಗಟ್ಟಿ ರೂಪ ಕೊಟ್ಟವರಲ್ಲಿ ಬ್ರಯನ್ ವೈಸ್‌ಮನ್ ಹೆಸರು ದೊಡ್ಡದು. 1990ರ ದಶಕದ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಅವರು ಕಟ್ಟಿದ ಡೆಕ್ಕಿಗೆ 'ದ ಡೆಕ್' ಎಂದೇ ಹೆಸರು ನಿಂತಿತು. ಅದರಲ್ಲಿ ಹೊಡೆದು ಗೆಲ್ಲಿಸಲು ಇದ್ದದ್ದು ಸೆರಾ ಏಂಜಲ್ ಎಂಬ ಕ್ರೀಚರ್, ಅದೂ ಎರಡೇ ಎರಡು. ಸಲಕ್ಕೆ 4ರಂತೆ ಐದು ಸಲ ಹೊಡೆದರೆ 20 ಜೀವ ಮುಗಿಯಿತು. ಹೊಡೆದ ಮೇಲೂ ಅದು ಟ್ಯಾಪ್ ಆಗದೆ ಕಾವಲಿಗೆ ನಿಲ್ಲುತ್ತದೆ. ಡೆಕ್ಕಿನ ಉಳಿದ ಎಲೆಗಳ ಕೆಲಸವೆಲ್ಲ ಆ ಏಂಜಲ್ ನಿಶ್ಚಿಂತೆಯಿಂದ ಇಳಿಯುವ ಹೊತ್ತು ಬರುವವರೆಗೆ ಬದುಕಿರುವುದು. ವೈಸ್‌ಮನ್ ಜೊತೆಗೇ ಪ್ರಸಿದ್ಧವಾದ ಲೆಕ್ಕ ಒಂದಿದೆ, ಕಾರ್ಡ್ ಅಡ್ವಾಂಟೇಜ್. ನನ್ನ ಒಂದು ಎಲೆ ನಿನ್ನ ನಾಲ್ಕು ಎಲೆಯನ್ನು ತಿಂದರೆ ನಾನು ಮೂರು ಎಲೆ ಮುಂದೆ. ಜೀವ ಎಷ್ಟಿದೆ ಎಂಬುದಕ್ಕಿಂತ ಯಾರ ಬಳಿ ಇನ್ನೂ ಮಾಡಲು ಏನಾದರೂ ಉಳಿದಿದೆ ಎಂದು ಎಣಿಸುವ ಕ್ರಮ ಅದು. ಆ ಹುಡುಗನ ನಾಲ್ಕು ಪ್ರಾಣಿ ಒಟ್ಟಿಗೆ ಸತ್ತದ್ದು ಈ ಲೆಕ್ಕದಲ್ಲೇ.

ಹಿರಿಯರು ನನಗೆ ಹಳೆಯ ಎಲೆಗಳ ಒಂದು ಡಬ್ಬಿ ಕೊಟ್ಟರು. ಬೇಕಾದ ಉಳಿದವನ್ನು ಎರಡು ತಿಂಗಳಲ್ಲಿ ಕೂಡಿಸಿಕೊಂಡೆ. ಆ ವರ್ಷ ನಡೆಯುತ್ತಿದ್ದ ಸ್ಟ್ಯಾಂಡರ್ಡ್ ಪಂದ್ಯಗಳಿಗೆ, ಅಂದರೆ ಇತ್ತೀಚಿನ ವರ್ಷಗಳ ಎಲೆಗಳಷ್ಟೇ ನಡೆಯುವ ಪಂದ್ಯಗಳಿಗೆ, ನಾನು ಕಟ್ಟಿದ್ದು ನೀಲಿ-ಬಿಳಿ ಡೆಕ್, ಅದರಲ್ಲಿ 26 ಲ್ಯಾಂಡ್. ಕೆಂಪು ಆಗ್ರೋದವರು ಇಪ್ಪತ್ತು ಚಿಲ್ಲರೆಯಲ್ಲಿ ನಡೆಸುತ್ತಾರೆ, ನನಗೇಕೆ ಇಷ್ಟು? ಮೊದಲು ಆಡುವವರು ನಾಲ್ಕನೇ ಸರದಿಯ ಹೊತ್ತಿಗೆ 10 ಎಲೆ ನೋಡಿರುತ್ತಾರೆ. 20 ಲ್ಯಾಂಡ್ ಇಟ್ಟರೆ ಆ ಹತ್ತರಲ್ಲಿ ಸರಾಸರಿ 3.3 ಲ್ಯಾಂಡ್, 26 ಇಟ್ಟರೆ 4.3. ಆಗ್ರೋದವರಿಗೆ ಮೂರು ಸಾಕು. ಕಂಟ್ರೋಲ್‌ನವರ ಒಳ್ಳೆಯ ಎಲೆಗಳೆಲ್ಲ ನಾಲ್ಕು, ಐದು ಮನಾದವು. ನಾಲ್ಕನೇ ಲ್ಯಾಂಡ್ ತಪ್ಪಿದರೆ ನಮ್ಮ ಕಥೆ ಮುಗಿದಂತೆ.

ಇನ್ನೊಂದು ಲೆಕ್ಕ ನನಗೆ ಬಹಳ ಕಲಿಸಿತು. ಒಂದು ಎಲೆಯನ್ನು ಪೂರ್ತಿ 4 ಹಾಕಿದರೂ ಮೊದಲ 7ರಲ್ಲಿ ಅದು ಕಾಣುವ ಸಾಧ್ಯತೆ ಶೇ. 40. ಹತ್ತು ಎಲೆ ನೋಡಿದ ಮೇಲೂ ಶೇ. 53ರ ಆಸುಪಾಸು. ಎಂದರೆ ಅರ್ಧಕ್ಕರ್ಧ ಸಲ ಬೇಕಾದ ಎಲೆ ಕೈಯಲ್ಲಿ ಇರುವುದೇ ಇಲ್ಲ. ಆದ್ದರಿಂದ ಒಂದೇ ಕೆಲಸಕ್ಕೆ ಬೇರೆ ಬೇರೆ ಹೆಸರಿನ ಎಲೆಗಳನ್ನು ಹೊಂದಿಸಬೇಕು. ಎಲ್ಲ ಕ್ರೀಚರ್‌ಗಳನ್ನೂ ಕೊಲ್ಲುವ ಫ್ಯೂಮಿಗೇಟ್, ಐದು ಮನಾ. ಹೊಡೆಯಲು ಬಂದ ಕ್ರೀಚರ್‌ಗಳನ್ನೆಲ್ಲ ಆಟದಿಂದಲೇ ಆಚೆ ಕಳಿಸುವ ಸೆಟಲ್ ದ ರೆಕೇಜ್, ನಾಲ್ಕು ಮನಾ. ಟ್ಯಾಪ್ ಆಗಿರುವ ಒಂದೇ ಕ್ರೀಚರನ್ನು ಆಚೆ ಹಾಕುವ ಸೀಲ್ ಅವೇ. ಇಳಿಯುವ ಕ್ರೀಚರನ್ನು ಇಳಿಯುವಾಗಲೇ ತಡೆಯುವ ಎಸೆನ್ಸ್ ಸ್ಕ್ಯಾಟರ್. ಎರಡು ಎಲೆ ಎತ್ತಿಕೊಡುವ ಗ್ಲಿಮರ್ ಆಫ್ ಜೀನಿಯಸ್, ಇದೂ ನಾಲ್ಕು ಮನಾ. ಗೆಲ್ಲಿಸುವ ಎಲೆ ಎಂದು ಇಟ್ಟದ್ದು ಮೂರು ಟೆಫೆರಿ ಮಾತ್ರ; ಅದರ ವಿಚಾರ ಮುಂದೆ.

ಸೆಟಲ್ ಮತ್ತು ಗ್ಲಿಮರ್ ಎರಡರ ಬೆಲೆಯೂ ನಾಲ್ಕು ಎಂದೆನಲ್ಲ, ಈ ಡೆಕ್ಕಿನ ಸೊಗಸೆಲ್ಲ ಅಲ್ಲೇ ಇದೆ. ಎರಡನ್ನೂ ಎದುರಾಳಿಯ ಸರದಿಯಲ್ಲಿ ಆಡಬಹುದು. ನನ್ನ ಸರದಿಯಲ್ಲಿ ನಾಲ್ಕು ಲ್ಯಾಂಡ್ ತಿರುಗಿಸದೆ ಹಾಗೇ ಬಿಟ್ಟು 'ಪಾಸ್' ಎನ್ನುತ್ತೇನೆ. ಎದುರಿಗೆ ಕೂತವನು ಆ ನಾಲ್ಕು ಲ್ಯಾಂಡನ್ನೇ ನೋಡುತ್ತಾನೆ. ಎಲ್ಲ ಕ್ರೀಚರ್‌ಗಳಿಂದ ಹೊಡೆದರೆ ಸೆಟಲ್ ಬಂದು ಇಡೀ ಸೈನ್ಯ ಹೋಗಬಹುದು. ಹೊಡೆಯದೆ ಸುಮ್ಮನಿದ್ದರೆ ಅವನ ಸರದಿಯ ಕೊನೆಯಲ್ಲಿ ನಾನು ಗ್ಲಿಮರ್ ಆಡಿ ಎರಡು ಎಲೆ ಎತ್ತಿಕೊಳ್ಳುತ್ತೇನೆ. ಕೈಯಲ್ಲಿ ಎರಡರಲ್ಲಿ ಯಾವುದೂ ಇಲ್ಲದಿದ್ದರೂ ಅವನು ಒಂದು ಕ್ರೀಚರ್ ಮಾತ್ರ ಕಳಿಸಿ ಉಳಿದವನ್ನು ಹಿಂದೆ ನಿಲ್ಲಿಸುತ್ತಾನೆ. ಏನೂ ಮಾಡದೆಯೇ ಒಂದು ಸರದಿ ನನ್ನದಾಯಿತು. ಮೇಜು ಖಾಲಿ ಕಂಡರೂ ನಾಲ್ಕು ಲ್ಯಾಂಡ್ ಅಲ್ಲಿ ಮಾತಾಡುತ್ತಿರುತ್ತವೆ.

ಅಷ್ಟು ತಿಳಿಯುವ ಮೊದಲು ಒಂದು ಸೋಲು ಉಂಡೆ. ಇವತ್ತಿಗೂ ಎಲೆ ಎಲೆಯಾಗಿ ನೆನಪಿದೆ. ಆ ವರ್ಷ ಕೆಂಪು ಡೆಕ್‌ಗಳ ಅಬ್ಬರ ಜೋರಾಗಿತ್ತು. ಜೂನ್‌ನಲ್ಲಿ ರಿಚ್ಮಂಡ್‌ನಲ್ಲಿ ನಡೆದ ಪ್ರೊ ಟೂರ್ ಎಂಬ ದೊಡ್ಡ ಪಂದ್ಯಾವಳಿಯನ್ನು ವಯಟ್ ಡಾರ್ಬಿ ಬರೀ ಕೆಂಪಿನಲ್ಲೇ ಗೆದ್ದಿದ್ದರು. ನನ್ನ ಎದುರಿಗಿದ್ದ ಕಾಲೇಜು ಹುಡುಗನದೂ ಅದೇ ಕೆಂಪು. ಎರಡನೇ ಸರದಿಗೆ ಒಂದು ಚಿಕ್ಕ ಕ್ರೀಚರ್ ಇಳಿಸಿದ. ಸರದಿಗೆ ಒಂದೋ ಎರಡೋ ಜೀವ ಕಚ್ಚುವಂಥದ್ದು. ನನ್ನ ಕೈಯಲ್ಲಿ ಎಸೆನ್ಸ್ ಸ್ಕ್ಯಾಟರ್ ಇತ್ತು, ಎರಡು ಲ್ಯಾಂಡ್ ಇದ್ದವು. ತಡೆದೆ. ಬಹಳ ಖುಷಿಯಾಯಿತು. ನಾಲ್ಕನೇ ಸರದಿಗೆ ಅವನು ಹ್ಯಾಝೊರೆಟ್ ಇಳಿಸಿದ. ಬಂದ ಸರದಿಯಲ್ಲೇ 5 ಹೊಡೆಯುವ, ಯಾವುದರಿಂದಲೂ ನಾಶವಾಗದ ದೇವತೆ ಅದು. ಆಡುವವನ ಕೈಯಲ್ಲಿ ಎಲೆ ಒಂದಕ್ಕಿಂತ ಹೆಚ್ಚು ಉಳಿದಿರಬಾರದು, ಅಷ್ಟೇ ಅದರ ಷರತ್ತು. ನನ್ನ ಕೈಯಲ್ಲಿ ಎರಡು ಫ್ಯೂಮಿಗೇಟ್ ಇದ್ದವು. ನಾಶ ಮಾಡುವ ಎಲೆಗೆ ನಾಶವಾಗದ ದೇವತೆಯ ಎದುರು ಏನು ಕೆಲಸ? ಮೂರು ಹೊಡೆತ, ಮೇಲೊಂದು ಲೈಟ್ನಿಂಗ್ ಸ್ಟ್ರೈಕ್. ಮುಗಿಯಿತು.

ಗಡ್ಡದ ಹಿರಿಯರು ಹಿಂದೆ ನಿಂತು ನೋಡುತ್ತಿದ್ದರು. ಎರಡು ಫ್ಯೂಮಿಗೇಟ್ ಕೈಯಲ್ಲಿ ಹಿಡಿದುಕೊಂಡು ಆ ಚಿಕ್ಕದನ್ನು ಯಾಕೆ ತಡೆದೆ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅದು ಇಳಿದಿದ್ದರೆ ಮೂರು ಸರದಿಯಲ್ಲಿ ನಾಲ್ಕೈದು ಜೀವ ಕಚ್ಚುತ್ತಿತ್ತು, ಕಚ್ಚಲಿ. ಐದನೇ ಸರದಿಗೆ ಜೊತೆಯವರ ಸಮೇತ ಅದನ್ನು ಗುಡಿಸಿ ಹಾಕುತ್ತಿದ್ದೆ. ಎಸೆನ್ಸ್ ಸ್ಕ್ಯಾಟರ್ ಹ್ಯಾಝೊರೆಟ್‌ಗೆ ಉಳಿಯುತ್ತಿತ್ತು. ಅಂದಿನಿಂದ ನಾನು ಏನನ್ನಾದರೂ ತಡೆಯುವ ಮುಂಚೆ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದಕ್ಕೆ ನನ್ನ ಡೆಕ್ಕಿನಲ್ಲಿ ಬೇರೆ ಮದ್ದು ಇದೆಯೇ? ಇದ್ದರೆ ಇಳಿಯಲಿ ಬಿಡು. ಕಂಟ್ರೋಲ್ ಎಂದರೆ ಎಲ್ಲಕ್ಕೂ ಬೇಡ ಎನ್ನುವ ಡೆಕ್ ಎಂದು ಹೊರಗಿನವರು ತಿಳಿಯುತ್ತಾರೆ. ಬಂದದ್ದನ್ನೆಲ್ಲ ತಡೆಯುವಷ್ಟು ಎಲೆ ಯಾರ ಕೈಯಲ್ಲೂ ಇರುವುದಿಲ್ಲ. ಯಾವುದನ್ನು ಬಿಡಬೇಕು ಎಂದು ಹಿಡಿಯುವುದರಲ್ಲೇ ಇದನ್ನು ಆಡುವವರ ಕೈ ಗೊತ್ತಾಗುವುದು. ಅಜ್ಜಿ ಎರಡು ಮೂರು ಆಡು ಕೊಡುತ್ತಿದ್ದದ್ದು ಕೈಲಾಗದೆ ಅಲ್ಲ ಎಂದು ನನಗೆ ಅರ್ಥವಾಗಲು ಮೂವತ್ತು ವರ್ಷ ಹಿಡಿಯಿತು.

20 ಜೀವವೂ ಹೀಗೆ ಖರ್ಚಿಗೆ ಇಟ್ಟ ದುಡ್ಡು. ಆದರೆ ತಳ ಮುಟ್ಟುವವರೆಗೆ ಖರ್ಚು ಮಾಡುವಂತಿಲ್ಲ. ಕೆಂಪಿನ ಎದುರು 6ಕ್ಕಿಂತ ಕೆಳಗಿಳಿದರೆ ನನಗೆ ಭಯ ಶುರುವಾಗುತ್ತದೆ. ಶಾಕ್‌ಗೆ 2, ಲೈಟ್ನಿಂಗ್ ಸ್ಟ್ರೈಕ್‌ಗೆ 3, ಎರಡೂ ನೇರ ತಲೆಗೇ ಬೀಳುತ್ತವೆ. ನಿಧಾನದ ಡೆಕ್ ಎದುರಾದರೆ 3 ಜೀವದಲ್ಲೂ ನೆಮ್ಮದಿಯಾಗಿ ಆಡಬಹುದು. ಎದುರಿನವರೂ ಕಂಟ್ರೋಲ್ ಆಗಿದ್ದರೆ ಇಬ್ಬರಲ್ಲಿ ಒಬ್ಬರು ನುಗ್ಗುವ ಪಾತ್ರ ವಹಿಸಲೇಬೇಕು. ತನ್ನ ಪಾತ್ರ ಯಾವುದೆಂದು ತಪ್ಪು ತಿಳಿದವರೇ ಸೋಲುತ್ತಾರೆ ಎಂದು ಮೈಕ್ ಫ್ಲೋರೆಸ್ 1999ರಲ್ಲಿ ಬರೆದರು. ಆಟಗಾರರು ಆ ಲೇಖನವನ್ನು ಇಂದಿಗೂ ಹೊಸಬರ ಕೈಗಿಡುತ್ತಾರೆ.

ಈಗ ಟೆಫೆರಿ. 2018ರ ಡೊಮಿನೇರಿಯಾ ಕಂತಿನಲ್ಲಿ ಬಂದ, ಐದು ಮನಾದ ಎಲೆ. ಪ್ರತಿ ಸರದಿಗೂ ಒಂದು ಎಲೆ ಎತ್ತಿಕೊಡುತ್ತದೆ, ಎರಡು ಲ್ಯಾಂಡನ್ನು ಮತ್ತೆ ನೆಟ್ಟಗೆ ಮಾಡಿಕೊಡುತ್ತದೆ. ಬೇಕೆಂದರೆ ಮೇಜಿನ ಮೇಲಿನ ಯಾವುದಾದರೂ ಎಲೆಯನ್ನು, ಲ್ಯಾಂಡ್ ಒಂದು ಬಿಟ್ಟು, ಅದರ ಒಡೆಯನ ಕಟ್ಟಿಗೆ ಮೇಲಿನಿಂದ ಮೂರನೆಯದಾಗಿ ಸೇರಿಸಬಹುದು. 'ಯಾವುದಾದರೂ' ಎಂದರೆ ಟೆಫೆರಿಯನ್ನೂ! ಎದುರಾಳಿಯ ಶಕ್ತಿಯೆಲ್ಲ ಉಡುಗಿದ ಮೇಲೆ ನಾನು ಟೆಫೆರಿಯನ್ನು ಇಳಿಸಿ, ಅದರ ಶಕ್ತಿಯಿಂದಲೇ ಅದನ್ನು ನನ್ನ ಕಟ್ಟಿಗೆ ವಾಪಸು ಕಳಿಸುತ್ತೇನೆ. ನನ್ನ ಕಟ್ಟು ಎಂದೂ ಬರಿದಾಗುವುದಿಲ್ಲ. ಕೊನೆಗೆ ಆ ಒಂದೇ ಎಲೆ ಉಳಿದರೂ ಅದನ್ನೇ ಎತ್ತಿ, ಆಡಿ, ಮತ್ತೆ ಒಳಗಿಡಬಹುದು. ಅವನ ಕಟ್ಟು ಮಾತ್ರ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನಂತೆ ತೆಳ್ಳಗಾಗುತ್ತಾ ಹೋಗಿ ಒಂದು ಸರದಿಗೆ ಎತ್ತಲು ಎಲೆಯೇ ಇರುವುದಿಲ್ಲ. ಒಂದೇ ಒಂದು ಪೆಟ್ಟು ಹಾಕದೆ ಗೆದ್ದಂತೆ. ಮೊದಲ ಸಲ ಹಾಗೆ ಗೆದ್ದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಂಥ ಡೆಕ್ಕಿನ ಎದುರು ಕೂರಲು ಬೇಜಾರು ಎನ್ನುವವರು ಬಹಳ ಮಂದಿ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದೇ ನನ್ನ ಅಭಿಪ್ರಾಯ. ಒಂದು ಸುತ್ತಿಗೆ 50 ನಿಮಿಷ, ಅಷ್ಟರೊಳಗೆ ಮೂರರಲ್ಲಿ ಎರಡು ಆಟ ಗೆಲ್ಲಬೇಕು. ಯೋಚಿಸುತ್ತಾ ಕೂತು ಹೊತ್ತು ಕಳೆದರೆ ಎದುರಿನವರ ಸಂಜೆ ಹಾಳಾಗುತ್ತದೆ, ನಮ್ಮ ಗೆಲುವೂ ಡ್ರಾ ಆಗಿ ಕೈತಪ್ಪುತ್ತದೆ. ಡೆಕ್ ನಿಧಾನದ್ದಾದಷ್ಟೂ ಕೈ ಚುರುಕಾಗಿರಬೇಕು. ಜಪಾನಿನ ಶೋಟಾ ಯಾಸೂಕಾ ಅವರ ಪಂದ್ಯಗಳ ವಿಡಿಯೊ ನೋಡಿ. 2016ರಲ್ಲಿ ಹೊನೊಲುಲುವಿನಲ್ಲಿ ಅವರು ಪ್ರೊ ಟೂರ್ ಗೆದ್ದದ್ದು ನೀಲಿ-ಕಪ್ಪು-ಕೆಂಪು ಕಂಟ್ರೋಲ್‌ನಲ್ಲಿ. ಫೈನಲ್‌ನಲ್ಲಿ ಎದುರಿಗಿದ್ದವರು 2002ರ ವಿಶ್ವ ಚಾಂಪಿಯನ್, ಬ್ರೆಜಿಲ್‌ನ ಕಾರ್ಲೋಸ್ ರೊಮಾವ್, ಅವರದೂ ಕಂಟ್ರೋಲ್. ಯಾಸೂಕಾ ಅವರ ಬೆರಳುಗಳ ವೇಗ ನೋಡಿದರೆ, ಎದುರಾಳಿ ಯೋಚಿಸುವ ಹೊತ್ತಿನಲ್ಲೇ ತಮ್ಮ ಯೋಚನೆಯನ್ನೂ ಮುಗಿಸಿಟ್ಟಿರುತ್ತಾರೆ ಎಂದು ಗೊತ್ತಾಗುತ್ತದೆ.

ಮೈಸೂರಿಗೆ ಹಿಂತಿರುಗಿದ ಮೇಲೆ ಮನೆಯಲ್ಲೇ ಆಟ. ಕಲಿಯಲು ದುಬಾರಿ ಎಲೆ ಬೇಕಿಲ್ಲ. ಹಳೆಯ ಇಸ್ಪೀಟ್ ಎಲೆಗೆ ಪ್ಲಾಸ್ಟಿಕ್ ಕವರ್ ಹಾಕಿ, ಮುಂದೆ ಚೀಟಿಯಲ್ಲಿ ಎಲೆಯ ಹೆಸರು, ಬೆಲೆ, ಕೆಲಸ ಬರೆದು ಸೇರಿಸಿದರೆ ಆಯಿತು. ನಮ್ಮ ಅಣ್ಣನ ಮಗಳಿಗೆ ಹದಿಮೂರು, ಚೀಟಿಗಳನ್ನೆಲ್ಲ ಕನ್ನಡದಲ್ಲಿ ಅವಳೇ ಬರೆದಳು. ಫ್ಯೂಮಿಗೇಟ್ ಚೀಟಿಯ ಮೇಲೆ 'ಎಲ್ಲ ಕ್ರೀಚರ್ ಸಾಯುತ್ತವೆ, ಸತ್ತಷ್ಟು ಜೀವ ನನಗೆ' ಎಂದಿದೆ. ಆರು ತಿಂಗಳು ಕೆಂಪು ಡೆಕ್ಕನ್ನೇ ಆಡಿದಳು. ಕಳೆದ ಭಾನುವಾರ ನೀಲಿ-ಬಿಳಿ ಕಟ್ಟನ್ನು ಕೇಳಿ ಇಸಕೊಂಡಳು. ಕೆಂಪು ನನ್ನ ಕೈಗೆ ಬಂತು.

ಎರಡನೇ ಸರದಿಗೆ ನಾನೊಂದು ಚಿಕ್ಕ ಕ್ರೀಚರ್ ಇಳಿಸಿದೆ. ಅವಳ ಎರಡು ಲ್ಯಾಂಡ್ ಹಾಗೇ ಇದ್ದವು. ಕೈಯಲ್ಲಿದ್ದ ಒಂದು ಎಲೆಯನ್ನು ಅರ್ಧ ಹೊರಗೆಳೆದಳು, ನನ್ನ ಮುಖ ನೋಡಿದಳು, ಮತ್ತೆ ಎಲೆಯನ್ನು ನೋಡಿದಳು. ಒಳಗೆ ತಳ್ಳಿದಳು. "ಇಳೀಲಿ ಅತ್ತೆ" ಎಂದಳು. ಮುಂದಿನ ಸರದಿಗೆ ಆ ಕ್ರೀಚರಿನಿಂದ ಹೊಡೆದೆ. ಅವಳು ಪೆನ್ಸಿಲ್ ತೆಗೆದುಕೊಂಡು ಚೀಟಿಯಲ್ಲಿದ್ದ 20ಕ್ಕೆ ಗೀಟು ಹಾಕಿ, ಕೆಳಗೆ 19 ಎಂದು ಬರೆದಳು.