ಕತ್ತಿನ ನೋವು ಕತ್ತಿನದಷ್ಟೇ ಅಲ್ಲ

ಕಸುಬುಗಳಿಂದ ಬರುವ ಕಾಯಿಲೆಗಳನ್ನು ಕುರಿತು 1700ರಲ್ಲಿ ಗ್ರಂಥ ಬರೆದವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾತ್ಸಿನಿ. 1713ರ ಆವೃತ್ತಿಯಲ್ಲಿ ಗುಮಾಸ್ತರಿಗೂ ಒಂದು ಅಧ್ಯಾಯ ಸೇರಿತು. ಸದಾ ಕುಳಿತಿರುವುದು, ಕೈಯ ಒಂದೇ ಬಗೆಯ ಚಲನೆ, ಲೆಕ್ಕ ತಪ್ಪೀತೆಂಬ ಮನಸ್ಸಿನ ಒತ್ತಡ, ಈ ಮೂರೇ ಅವರ ಬಾಧೆಗೆ ಮೂಲ ಎಂದ. ಲೇಖನಿ ಹೋಗಿ ಕಂಪ್ಯೂಟರ್, ಮೊಬೈಲು ಬಂದಿವೆ. ಇಂದಿನ ಕತ್ತು ನೋವಿಗೂ ಇದೇ ಪಟ್ಟಿ ಸಾಕು. ಹಳೆಯ ಪೆಟ್ಟು, ಧೂಮಪಾನ, ನಿದ್ದೆಗೇಡುಗಳನ್ನು ಸೇರಿಸಿಕೊಳ್ಳಬೇಕು, ಅಷ್ಟೆ.

ಸುಮಾರು 5 ಕಿಲೋ ತೂಗುವ ತಲೆಯನ್ನು ಹೊತ್ತಿರುವುದು 7 ಪುಟ್ಟ ಮೂಳೆಗಳು. ಅವುಗಳ ನಡುವಿನ ಮೆತ್ತೆ ವಯಸ್ಸಾದಂತೆ ಸವೆಯುತ್ತದೆ. ಎಕ್ಸ್-ರೇಯಲ್ಲಿ ಸವೆತ ಕಂಡೊಡನೆ ಗಾಬರಿ ಬೇಡ. ನೋವೇ ಇಲ್ಲದ ಎಷ್ಟೋ ಹಿರಿಯರಲ್ಲೂ ಅದು ಇರುತ್ತದೆ.

ಎಚ್ಚರ ಬೇಕಾದದ್ದು ಬೇರೆಡೆ. ನರದ ಬುಡ ಒತ್ತಿಕೊಂಡರೆ ತೋಳಿನಲ್ಲಿ ಸೆಳೆತ, ಬೆರಳಲ್ಲಿ ಜೋಮು. ಬೆನ್ನುಹುರಿಯೇ ಒತ್ತಿಕೊಂಡರೆ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆ, ನಡಿಗೆ ತೂರಾಡುತ್ತದೆ, ಕೆಲವರಿಗೆ ಮೂತ್ರದ ಹಿಡಿತ ತಪ್ಪುತ್ತದೆ. ವಿಚಿತ್ರವೆಂದರೆ ಆಗ ಕತ್ತು ನೋಯದೆಯೂ ಇರಬಹುದು! ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗುವುದು ಇಲ್ಲಿಯೇ. ಇಂಥವರ ಕತ್ತು ತಿರುಗಿಸಿ ನೆಟಿಗೆ ತೆಗೆಯುವುದು ಅಪಾಯ, ಕ್ಷೌರದಂಗಡಿಯಲ್ಲಿ ಅದು ಎಷ್ಟೇ ಹಿತವೆನಿಸಲಿ. ತಡವಾದರೆ ಶಸ್ತ್ರಚಿಕಿತ್ಸೆಯ ನಂತರವೂ ಕಳೆದ ಶಕ್ತಿ ಪೂರ್ತಿ ಮರಳದಿರಬಹುದು. ಇನ್ನು ಜ್ವರದೊಡನೆ ಕತ್ತು ಬಿಗಿದು, ಗದ್ದ ಎದೆಗೆ ಬಾಗದಿದ್ದರೆ ಮಿದುಳಿನ ಪೊರೆಯ ಸೋಂಕಿರಬಹುದು. ಅದಕ್ಕೆ ಸೋಮವಾರದವರೆಗೂ ಕಾಯುವಂತಿಲ್ಲ.