ಕಿರಿಯ ಗೆರೆ, ಹಿರಿಯ ಅರ್ಥ

ಕೊಂಢವಾದಲ್ಲಿ ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವ ಪ್ರಸಂಗ ಆಗಾಗ ಒದಗುತ್ತದೆ. ಆಗ ಎರಡು ಪದಗಳ ನಡುವಣ ‘ಹೈಫನ್’ ಎಂಬ ಅಡ್ಡಗೆರೆ ಬೇಕೋ ಬೇಡವೋ ಎಂಬ ಸಂದೇಹ ಹುಟ್ಟುವುದು ಸಹಜ.

ಗಲ್ಲಾಕ್ಕೆ ಚಿಲ್ಲರೆ ಬೇಡಿ ‘ಟ್ವೆಂಟಿ ಫೈವ್-ರುಪೀ ಕಾಯಿನ್ಸ್’ ಎಂದು ಬರೆದರೆ ಐದು ರೂಪಾಯಿಯ 20 ನಾಣ್ಯಗಳು. ಒಟ್ಟು 100 ರೂಪಾಯಿ. ‘ಟ್ವೆಂಟಿ-ಫೈವ್ ರುಪೀ ಕಾಯಿನ್ಸ್’ ಎಂದರೆ ಒಂದು ರೂಪಾಯಿಯ 25 ನಾಣ್ಯಗಳು. ಗೆರೆ ತುಸು ಸರಿದುದಕ್ಕೆ 75 ರೂಪಾಯಿಗಳ ಅಂತರ!

ಕನ್ನಡದಲ್ಲಿ ಮಳೆ, ಕಾಲ ಎಂಬ ಪದಗಳು ಕೂಡಿದರೆ ‘ಮಳೆಗಾಲ’ವಾಗುತ್ತದೆ. ಕಕಾರವು ಗಕಾರವಾದುದೇ ಅವು ಕೂಡಿದುದಕ್ಕೆ ಸಾಕ್ಷಿ. ಇಂಗ್ಲಿಷಿನಲ್ಲಿ ಇಂತಹ ಸಂಧಿಕಾರ್ಯವಿಲ್ಲ; ಆ ಸಾಕ್ಷಿಯನ್ನು ಅಡ್ಡಗೆರೆಯೇ ನುಡಿಯಬೇಕು.

ಎರಡು ಪದಗಳು ಒಂದಾಗಿ ಮುಂದಿನ ನಾಮಪದಕ್ಕೆ ವಿಶೇಷಣವಾದಾಗ ಗೆರೆ ಹಾಕುವುದು ರೂಢಿ: ‘ವೆಲ್-ನೋನ್ ಹೋಟೆಲ್’. ನಾಮಪದವೇ ಮೊದಲು ಬಂದರೆ ಸಾಮಾನ್ಯವಾಗಿ ಬೇಡ: ‘ದಿ ಹೋಟೆಲ್ ಈಸ್ ವೆಲ್ ನೋನ್’. ‘ಫ್ರೆಶ್ಲಿ ಮೇಡ್ ಕಾಫಿ’ ಎಂಬಲ್ಲಿ ‘ಲಿ’ ಪ್ರತ್ಯಯವೇ ಸಂಬಂಧವನ್ನು ತಿಳಿಸುವುದರಿಂದ ಅಲ್ಲಿಯೂ ಬೇಡ. 21ರಿಂದ 99ರವರೆಗಿನ ಕೂಡುಸಂಖ್ಯೆಗಳನ್ನು ಅಕ್ಷರಗಳಲ್ಲಿ ಬರೆಯುವಾಗ ಬೇಕು. ‘ರಿಸೈನ್’ ಎಂದರೆ ಕೆಲಸಕ್ಕೆ ರಾಜೀನಾಮೆ. ‘ರಿ-ಸೈನ್’ ಎಂದರೆ ಮರಳಿ ರುಜು ಹಾಕುವುದು. ಕರಾರುಪತ್ರಕ್ಕೆ ಮತ್ತೊಮ್ಮೆ ರುಜು ಹಾಕಿದವನು ಗೆರೆಯನ್ನು ಮರೆತರೆ ನೌಕರಿ ಬಿಟ್ಟವನೆನಿಸಿಕೊಂಡಾನು!

ಉಳಿದ ಪದಗಳಿಗೆ ನಿಘಂಟೇ ಗತಿ. ಅದೂ ಸ್ಥಿರವಲ್ಲ. 2007ರ ‘ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು’ ಸುಮಾರು 16,000 ಪದಗಳಿಂದ ಅಡ್ಡಗೆರೆಯನ್ನು ಕಿತ್ತುಹಾಕಿತು. ‘ಐಸ್ ಕ್ರೀಮ್’ ಬಿಡಿಬಿಡಿಯಾಗಿ ಎರಡು ಪದಗಳಾಯಿತು. ‘ಪಿಜನ್‌ಹೋಲ್’ ಕೂಡಿ ಒಂದೇ ಪದವಾಯಿತು. ಆದುದರಿಂದ ಹಳೆಯ ನಿಘಂಟನ್ನು ನಂಬಿ ಇನ್ನೊಬ್ಬರ ಬರಹವನ್ನು ತಪ್ಪೆನ್ನುವುದು ತರವಲ್ಲ.

ಸರಕಾರದ ಬರವಣಿಗೆಯಲ್ಲಿಯೂ ಎರಡು ಬಗೆಗಳುಂಟು. ಮಹಾರಾಷ್ಟ್ರದ 1960ರ ಸಹಕಾರ ಸಂಘಗಳ ಕಾಯಿದೆಯ ಹೆಸರಿನಲ್ಲಿ ‘ಕೋ-ಆಪರೇಟಿವ್’ ಎಂದು ಗೆರೆಯಿದೆ. 2021ರಲ್ಲಿ ಸ್ಥಾಪಿತವಾದ ಕೇಂದ್ರ ಸಹಕಾರ ಸಚಿವಾಲಯದ ಇಂಗ್ಲಿಷ್ ಹೆಸರಿನಲ್ಲಿ ಇಲ್ಲ. ಆದಕಾರಣ ಹೌಸಿಂಗ್ ಸೊಸೈಟಿಗೆ ಪತ್ರ ಬರೆಯುವ ಗುಮಾಸ್ತರು ಅದರ ಮೊಹರಿನಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯುವುದು ಕ್ಷೇಮ.

ಕೊನೆಗೂ ಸಂದೇಹ ಉಳಿದರೆ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿರಿ: ಗೆರೆಯಿಲ್ಲದಿದ್ದರೆ ಓದುವವರು ಬೇರೊಂದು ಅರ್ಥ ಮಾಡಿಕೊಳ್ಳುವರೇ? ಹೌದಾದರೆ ಹಾಕಿರಿ, ಇಲ್ಲವಾದರೆ ಬಿಡಿರಿ. ಒಮ್ಮೆ ಆಯ್ದ ರೂಪವನ್ನು ಪತ್ರದುದ್ದಕ್ಕೂ ಪಾಲಿಸಿರಿ. ಅಷ್ಟಾದರೆ ನಮ್ಮವರ ಇಂಗ್ಲಿಷನ್ನು ಕಂಡು ನಗುವವರು ಇರಲಾರರು.