ಸಣ್ಣ ಕ್ಯಾಂಪಿಂಗ್ ಟ್ರೇಲರಿಗೆ ಸೌದೆ ಒಲೆ: ಉಷ್ಣದ ಲೆಕ್ಕ ಮತ್ತು ಸುರಕ್ಷತೆಯ ವೆಚ್ಚ

ಉತ್ತರ ಅಮೆರಿಕ, ಬ್ರಿಟನ್ ಮೊದಲಾದ ಶೀತ ದೇಶಗಳಲ್ಲಿ ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯುವ ಸಣ್ಣ ಚಕ್ರದ ಮನೆಗಳು ಬಹುಕಾಲದಿಂದ ಬಳಕೆಯಲ್ಲಿವೆ. ಇವುಗಳಿಗೆ ಅಲ್ಲಿ ಕ್ಯಾಂಪಿಂಗ್ ಟ್ರೇಲರ್ ಅಥವಾ ಕ್ಯಾರವಾನ್ ಎಂದು ಹೆಸರು. ಬೇಸಿಗೆಯಲ್ಲಿ ಇವುಗಳ ವಾಸ ಸುಖಕರ. ಆದರೆ ಹೊರಗಿನ ಉಷ್ಣಾಂಶ ಸೊನ್ನೆ ಡಿಗ್ರಿಗೆ ಇಳಿದಾಗ, ತೆಳುವಾದ ಗೋಡೆಗಳ ಈ ಪುಟ್ಟ ಕೋಣೆಯನ್ನು ಬೆಚ್ಚಗಿಡುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಅನಿಲದ ಹೀಟರ್, ಡೀಸೆಲ್ ಹೀಟರ್ ಮತ್ತು ಸೌದೆ ಒಲೆ ಇವು ಪ್ರಚಲಿತವಿರುವ ಮೂರು ಮಾರ್ಗಗಳು.

ಇವುಗಳಲ್ಲಿ ಸೌದೆ ಒಲೆಯು ನೋಡಲು ಅತ್ಯಂತ ಸರಳ. ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಬಾಗಿಲು, ಒಂದು ಹೊಗೆ ಕೊಳವೆ. ಈ ಸರಳತೆಯೇ ಅನೇಕರನ್ನು ತಪ್ಪು ಲೆಕ್ಕಕ್ಕೆ ಎಳೆಯುತ್ತದೆ. ಒಲೆಯ ಬೆಲೆಯನ್ನಷ್ಟೇ ವೆಚ್ಚವೆಂದು ಭಾವಿಸಿದವರು, ಅದರ ಸುತ್ತ ಬಿಡಬೇಕಾದ ಜಾಗ, ಹಾಕಬೇಕಾದ ಕವಚ, ಏರಿಸಬೇಕಾದ ಚಿಮಣಿ ಮತ್ತು ಒದಗಿಸಬೇಕಾದ ಗಾಳಿ ಇವುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಕೊರತೆಯನ್ನು ಕೊನೆಗೆ ಭರಿಸಬೇಕಾದವರು ಆ ಕೋಣೆಯೊಳಗೆ ನಿದ್ರಿಸುವವರು. ಎರಕ ಹಾಗೂ ತಗಡಿನ ವಸ್ತುಗಳನ್ನು ತಯಾರಿಸುವ ನಮ್ಮ ಸಣ್ಣ ಉದ್ಯಮಿಗಳಿಗೂ ಈ ವಿಷಯದಲ್ಲಿ ತಿಳಿಯತಕ್ಕ ಅಂಶಗಳಿವೆ.

ಹಳೆಯ ಮಾದರಿ: ಕುರಿಗಾಹಿಯ ಬಂಡಿ

ಚಕ್ರದ ಮನೆಗೆ ಸೌದೆ ಒಲೆ ಹೊಸ ಕಲ್ಪನೆಯಲ್ಲ. ಅಮೆರಿಕದ ವಯೋಮಿಂಗ್ ಪ್ರಾಂತ್ಯದಲ್ಲಿ ಕುರಿಗಾಹಿಗಳು ಚಳಿಗಾಲವಿಡೀ ಬಯಲಿನಲ್ಲಿ ವಾಸಿಸಲು ಕುದುರೆ ಎಳೆಯುವ ಬಂಡಿಯೊಂದನ್ನು ಬಳಸುತ್ತಿದ್ದರು. 1884ರ ಸುಮಾರಿಗೆ ರಾಲಿನ್ಸ್ ಪಟ್ಟಣದ ಕಮ್ಮಾರ ಜೇಮ್ಸ್ ಕ್ಯಾಂಡ್ಲಿಷ್ ಎಂಬಾತನು ಇದನ್ನು ಮೊದಲು ನಿರ್ಮಿಸಿದನೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕ್ಯಾನ್ವಾಸ್ ಹೊದಿಕೆಯ ಈ ಬಂಡಿಯಲ್ಲಿ ಬಾಗಿಲ ಪಕ್ಕದಲ್ಲಿ ಒಲೆ, ಹಿಂಭಾಗದಲ್ಲಿ ಅಡ್ಡಲಾಗಿ ಮಂಚ, ಮಂಚದ ಮೇಲೊಂದು ಕಿಟಕಿ ಇರುತ್ತಿದ್ದವು. ಬಾಗಿಲು ಮೇಲು-ಕೆಳಗಾಗಿ ಎರಡು ತುಂಡು. ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದಿಡಬಹುದಾಗಿತ್ತು.

ಈ ವಿನ್ಯಾಸದಲ್ಲಿ ಮೂರು ಮುಖ್ಯ ತತ್ತ್ವಗಳು ಅಡಗಿವೆ. ಒಲೆ ಮಂಚದಿಂದ ದೂರವಿದೆ. ಗಾಳಿಯ ದಾರಿಯನ್ನು ಬೇಕಾದಷ್ಟು ತೆರೆಯಬಹುದು. ಒಲೆಯ ಬಳಿ ಬೆಂಕಿ ಎದ್ದು ಬಾಗಿಲಿನ ದಾರಿ ಮುಚ್ಚಿದರೆ, ಹಿಂದಿನ ಕಿಟಕಿ ಎರಡನೆಯ ದಾರಿಯಾಗಬಲ್ಲದು. ಇಂದಿನ ಟ್ರೇಲರಿನಲ್ಲಿಯೂ ಇವನ್ನು ಬಿಟ್ಟರೆ ನಡೆಯದು.

ಎಷ್ಟು ಉಷ್ಣ ಬೇಕು?

ಕೊಳ್ಳುವವರು ಮಾಡುವ ಮೊದಲ ತಪ್ಪು ದೊಡ್ಡ ಒಲೆಯನ್ನು ಆರಿಸುವುದು. ಒಂದು ಉದಾಹರಣೆಯಿಂದ ಇದನ್ನು ವಿವರಿಸಬಹುದು. ಟ್ರೇಲರಿನ ಉದ್ದ 4 ಮೀಟರ್, ಅಗಲ ಮತ್ತು ಎತ್ತರ ತಲಾ 2 ಮೀಟರ್ ಎಂದಿಟ್ಟುಕೊಳ್ಳೋಣ. ಆಗ ಅದರ ಒಟ್ಟು ಹೊರಮೈ 40 ಚದರ ಮೀಟರ್, ಒಳಗಿನ ಗಾಳಿ 16 ಘನ ಮೀಟರ್. ಹೊರಗೆ ಸೊನ್ನೆ ಡಿಗ್ರಿ, ಒಳಗೆ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಸಾಧಾರಣ ಉಷ್ಣನಿರೋಧಕ ಹೊದಿಕೆಯುಳ್ಳ ಗೋಡೆಯ ಪ್ರತಿ ಚದರ ಮೀಟರಿನಿಂದ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.5 ವ್ಯಾಟ್ ಉಷ್ಣ ಸೋರುತ್ತದೆಂದು ಭಾವಿಸಿದರೆ ಲೆಕ್ಕ ಹೀಗಾಗುತ್ತದೆ:

ಹೊರಮೈಯಿಂದ ನಷ್ಟ: 40 × 1.5 × 20 = 1,200 ವ್ಯಾಟ್

ಗಂಟೆಗೆ ಎರಡು ಬಾರಿ ಗಾಳಿ ಬದಲಾದರೆ ಆಗುವ ನಷ್ಟ: 16 × 2 × 0.33 × 20 = ಸುಮಾರು 210 ವ್ಯಾಟ್

ಒಟ್ಟು ನಷ್ಟ: ಸುಮಾರು 1,410 ವ್ಯಾಟ್, ಅಂದರೆ 1.4 ಕಿಲೋವ್ಯಾಟ್

ಹೀಗಾಗಿ 2ರಿಂದ 3 ಕಿಲೋವ್ಯಾಟ್ ಸಾಮರ್ಥ್ಯದ ಒಲೆ ಸಾಕು. ಮನೆಗೆಂದು ಮಾಡಿದ 8 ಕಿಲೋವ್ಯಾಟಿನ ಒಲೆಯನ್ನು ಇಲ್ಲಿ ಇಟ್ಟರೆ ಕೋಣೆ ಕೆಲವೇ ನಿಮಿಷಗಳಲ್ಲಿ ತಡೆಯಲಾರದಷ್ಟು ಕಾಯುತ್ತದೆ. ಬಳಕೆದಾರನು ಗಾಳಿಯ ಕಿಂಡಿಯನ್ನು ಮುಚ್ಚುತ್ತಾನೆ. ಗಾಳಿ ಸಾಲದ ಬೆಂಕಿ ಉರಿಯದೆ ಹೊಗೆಯಾಡುತ್ತದೆ. ಆ ಹೊಗೆ ತಣ್ಣನೆಯ ಕೊಳವೆಯಲ್ಲಿ ಕ್ರಿಯೊಸೋಟ್ ಎಂಬ ಡಾಂಬರಿನಂಥ ಮಸಿಯಾಗಿ ಹೆಪ್ಪುಗಟ್ಟುತ್ತದೆ. ಮುಂದೊಂದು ದಿನ ಅದೇ ಮಸಿ ಹೊತ್ತಿಕೊಂಡು ಚಿಮಣಿಯ ಬೆಂಕಿಗೆ ಕಾರಣವಾಗುತ್ತದೆ. ಅಗತ್ಯಕ್ಕಿಂತ ಹೆಚ್ಚಿನ ಬಂಡವಾಳ ಹೂಡಿ ಯಂತ್ರವನ್ನು ಅರ್ಧಕ್ಕಿಂತ ಕಡಿಮೆ ಸಾಮರ್ಥ್ಯದಲ್ಲಿ ನಡೆಸಿದಂತೆಯೇ ಇದು ನಷ್ಟದ ಬಾಬತ್ತು.

ಸೌದೆಯ ಖರ್ಚು ಮತ್ತು ರಾತ್ರಿಯ ಸಮಸ್ಯೆ

ಚೆನ್ನಾಗಿ ಒಣಗಿ ಶೇಕಡ 20ರಷ್ಟು ತೇವಾಂಶ ಉಳಿದ 1 ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ (ಕಿಲೋವ್ಯಾಟ್-ಗಂಟೆ) ಶಕ್ತಿ ಇರುತ್ತದೆ. ಒಲೆಯ ದಕ್ಷತೆ ಶೇಕಡ 60 ಎಂದು ಹಿಡಿದರೆ ಕೋಣೆಗೆ ದೊರೆಯುವುದು 2.4 ಯೂನಿಟ್. ಮೇಲಿನ ಟ್ರೇಲರಿಗೆ ಗಂಟೆಗೆ ಸುಮಾರು 0.6 ಕಿಲೋ, ಹತ್ತು ಗಂಟೆಯ ರಾತ್ರಿಗೆ 6 ಕಿಲೋ ಸೌದೆ ಬೇಕಾಗುತ್ತದೆ. ಆಗತಾನೆ ಕಡಿದ ಹಸಿ ಸೌದೆಯಲ್ಲಿ ತೂಕದ ಅರ್ಧ ಭಾಗ ನೀರೇ ಇರಬಹುದು. ಅಂಥ 1 ಕಿಲೋ ಸೌದೆಯಿಂದ ದೊರೆಯುವ ಶಕ್ತಿ 2 ಯೂನಿಟ್‌ಗಿಂತ ಸ್ವಲ್ಪವೇ ಹೆಚ್ಚು. ಉಳಿದುದು ನೀರನ್ನು ಆವಿ ಮಾಡುವುದರಲ್ಲಿ ಮತ್ತು ನೀರನ್ನೇ ಸೌದೆಯ ಬೆಲೆಗೆ ಕೊಳ್ಳುವುದರಲ್ಲಿ ಹೋಯಿತೆಂದು ತಿಳಿಯಬೇಕು. ಈ ಕಾರಣದಿಂದಲೇ ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, 2 ಘನ ಮೀಟರಿಗಿಂತ ಕಡಿಮೆ ಪ್ರಮಾಣದಲ್ಲಿ ಮಾರುವ ಸೌದೆಯ ತೇವಾಂಶ ಶೇಕಡ 20ನ್ನು ಮೀರಬಾರದೆಂಬ ನಿಯಮ ಬಂದಿತು.

ಇಲ್ಲಿ ಇನ್ನೊಂದು ಮಿತಿಯೂ ಇದೆ. ಸಣ್ಣ ಒಲೆಯ ಒಡಲಿನಲ್ಲಿ ಒಂದು ಬಾರಿಗೆ ಹಿಡಿಸುವುದು 1 ಕಿಲೋ ಆಸುಪಾಸಿನ ಸೌದೆ. ಅದು ಎರಡು ಗಂಟೆಯೂ ಬಾರದು. ರಾತ್ರಿಯಿಡೀ ಉಷ್ಣ ಬೇಕೆಂದರೆ ಐದಾರು ಬಾರಿ ಏಳಬೇಕಾಗುತ್ತದೆ. ಡೀಸೆಲ್ ಹೀಟರ್ 2 ಕಿಲೋವ್ಯಾಟ್ ಉಷ್ಣಕ್ಕೆ ಗಂಟೆಗೆ ಕಾಲು ಲೀಟರಿನಷ್ಟು ಇಂಧನ ಬಳಸಿ, ತಾನಾಗಿಯೇ ನಡೆಯುತ್ತದೆ. ಆದರೆ ಅದಕ್ಕೆ ಬ್ಯಾಟರಿ ಬೇಕು. ಚಿಮಣಿಯಿಲ್ಲದ ಅನಿಲ ಹೀಟರಿನಲ್ಲಿ 1 ಕಿಲೋ ಪ್ರೊಪೇನ್ ಉರಿದಾಗ ಸುಮಾರು 1.6 ಕಿಲೋ ನೀರಾವಿ ಕೋಣೆಯೊಳಗೇ ಸೇರಿ ಗೋಡೆಗಳನ್ನು ಒದ್ದೆ ಮಾಡುತ್ತದೆ. ಸೌದೆ ಒಲೆಯ ತೇವವಾದರೋ ಚಿಮಣಿಯಿಂದ ಹೊರಹೋಗುತ್ತದೆ. ಒಣ ಶಾಖ, ವಿದ್ಯುತ್ತಿನ ಅವಲಂಬನೆ ಇಲ್ಲದಿರುವುದು, ಕಾಡಂಚಿನಲ್ಲಿ ಇಂಧನದ ಲಭ್ಯತೆ ಇವು ಜಮೆಯ ಬದಿಯಲ್ಲಿವೆ. ಸ್ಥಳ, ಶ್ರಮ ಮತ್ತು ನಿರಂತರ ನಿಗಾ ಖರ್ಚಿನ ಬದಿಯಲ್ಲಿವೆ. ಮಲಗುವ ಮುನ್ನ ಕೋಣೆಯನ್ನು ಕಾಯಿಸಿ, ಬೆಂಕಿಯನ್ನು ಪೂರ್ಣವಾಗಿ ಉರಿದು ಆರಲು ಬಿಟ್ಟು, ದಪ್ಪ ಹೊದಿಕೆಯಲ್ಲಿ ಮಲಗುವುದೇ ವಿವೇಕದ ಕ್ರಮ.

ಗೋಡೆಯಿಂದ ಅಂತರ

ಮನೆಗಳಿಗೆ ಅನ್ವಯಿಸುವ ಅಮೆರಿಕದ ಎನ್.ಎಫ್.ಪಿ.ಎ. 211 ಮಾನದಂಡದಂತೆ, ಪ್ರಯೋಗಾಲಯದಲ್ಲಿ ಪರೀಕ್ಷೆಯಾಗದ ಒಲೆಗೂ ಹೊತ್ತಿಕೊಳ್ಳಬಲ್ಲ ಗೋಡೆಗೂ ನಡುವೆ 36 ಅಂಗುಲ ಅಂತರವಿರತಕ್ಕದ್ದು. ಎರಡು ಮೀಟರ್ ಅಗಲದ ಟ್ರೇಲರಿನಲ್ಲಿ ಇದು ಅಸಾಧ್ಯವೇ ಸರಿ. ಗೋಡೆಯಿಂದ 1 ಅಂಗುಲ ಬಿಟ್ಟು, ಮೇಲೂ ಕೆಳಗೂ ಗಾಳಿ ಹರಿಯುವಂತೆ ಲೋಹದ ತಗಡಿನ ಕವಚ ನಿಲ್ಲಿಸಿದರೆ ಈ ಅಂತರವನ್ನು 12 ಅಂಗುಲದವರೆಗೆ ಇಳಿಸಬಹುದು. ಇಲ್ಲಿ ಕೆಲಸ ಮಾಡುವುದು ತಗಡಿಗಿಂತ ಹೆಚ್ಚಾಗಿ ಅದರ ಹಿಂದೆ ಹರಿಯುವ ಗಾಳಿ. ತಗಡನ್ನು ನೇರವಾಗಿ ಪ್ಲೈವುಡ್ಡಿಗೆ ಮೊಳೆ ಹೊಡೆದು ಕೂರಿಸಿದರೆ ಉಷ್ಣ ಮರಕ್ಕೇ ದಾಟುತ್ತದೆ. ದೀರ್ಘಕಾಲ ಮತ್ತೆ ಮತ್ತೆ ಕಾದ ಮರವು ಸಾಮಾನ್ಯಕ್ಕಿಂತ ಕಡಿಮೆ ಉಷ್ಣಾಂಶದಲ್ಲಿಯೇ ಹೊತ್ತಿಕೊಳ್ಳಬಹುದು. ಮೊದಲ ವರ್ಷ ಏನೂ ಆಗಲಿಲ್ಲವೆಂಬುದು ಸುರಕ್ಷತೆಗೆ ಸಾಕ್ಷಿಯಲ್ಲ.

ಚಿಮಣಿ ಮತ್ತು ಗಾಳಿ

ಬಿಸಿ ಹೊಗೆ ಹಗುರ, ಹೊರಗಿನ ತಂಪು ಗಾಳಿ ಭಾರ. ಈ ವ್ಯತ್ಯಾಸವೇ ಹೊಗೆಯನ್ನು ಮೇಲಕ್ಕೆ ಸೆಳೆಯುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇದ್ದು, 2.5 ಮೀಟರ್ ಎತ್ತರದ ಚಿಮಣಿಯಲ್ಲಿ ಹೊಗೆಯ ಸರಾಸರಿ ಉಷ್ಣಾಂಶ 200 ಡಿಗ್ರಿ ಇದ್ದರೆ ಸುಮಾರು 13 ಪಾಸ್ಕಲ್ ಸೆಳೆತ ಉಂಟಾಗುತ್ತದೆ. ಹೊಗೆ 100 ಡಿಗ್ರಿಗೆ ಇಳಿದರೆ ಅದು 8 ಪಾಸ್ಕಲ್ ಆಸುಪಾಸಿಗೆ ಕುಸಿಯುತ್ತದೆ. ಕೊಳವೆಯ ಎತ್ತರ 1.5 ಮೀಟರ್ ಮಾತ್ರವಿದ್ದರೆ ಉಳಿಯುವುದು 5 ಪಾಸ್ಕಲ್. ಅಡುಗೆಯ ಎಗ್ಸಾಸ್ಟ್ ಫ್ಯಾನು ಈ ಅಲ್ಪ ಸೆಳೆತವನ್ನು ಸುಲಭವಾಗಿ ಮೀರಿಸಿ ಹೊಗೆಯನ್ನು ಒಳಗೇ ಎಳೆಯಬಲ್ಲದು. ಆದ್ದರಿಂದ ಒಲೆ ಉರಿಯುವಾಗ ಫ್ಯಾನು ಬಳಸಬಾರದು. ಛಾವಣಿ ದಾಟುವಲ್ಲಿಯೂ ಅದರ ಮೇಲೆಯೂ ಉಷ್ಣನಿರೋಧಕವುಳ್ಳ ಎರಡು ಪದರದ ಕೊಳವೆಯನ್ನೇ ಹಾಕಬೇಕು. ಮೇಲಿನ ಭಾಗವು ಪ್ರಯಾಣದ ವೇಳೆ ಬಿಚ್ಚಿಡುವಂತಿರಬೇಕು. ಬೆಂಕಿ ಇರುವಾಗ ಟ್ರೇಲರನ್ನು ಎಳೆಯಕೂಡದು. ಒಲೆಯನ್ನು ನೆಲಕ್ಕೆ ಬೋಲ್ಟುಗಳಿಂದ ಬಿಗಿಯುವುದು ಕಡ್ಡಾಯವೆಂದೇ ತಿಳಿಯಬೇಕು.

1 ಕಿಲೋ ಸೌದೆ ಉರಿಯಲು ಪ್ರಾಯೋಗಿಕವಾಗಿ 8 ಘನ ಮೀಟರಿನಷ್ಟು ಗಾಳಿ ಬೇಕು. ಗಂಟೆಗೆ 0.6 ಕಿಲೋ ಉರಿಸಿದರೆ ಕೋಣೆಯ ಗಾಳಿಯ ಸುಮಾರು ಮೂರನೆಯ ಒಂದು ಭಾಗವನ್ನು ಒಲೆಯೇ ಸೆಳೆದುಕೊಳ್ಳುತ್ತದೆ. ಚಳಿಯೆಂದು ಎಲ್ಲ ಕಿಂಡಿಗಳನ್ನೂ ಬಟ್ಟೆಯಿಂದ ತುರುಕಿ ಮುಚ್ಚಿದರೆ ಸೆಳೆತ ನಿಂತು ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಹಿಮ್ಮರಳುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲದ ರಾತ್ರಿ ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರು ಬೆಳಿಗ್ಗೆ ಏಳದಿರುವ ಸುದ್ದಿಗಳ ಹಿಂದಿರುವುದೂ ಇದೇ ಅನಿಲ. ಬೆಂಕಿ ಕೆಂಡವಾಗಿ, ಚಿಮಣಿ ತಣ್ಣಗಾಗುತ್ತಿರುವ ಕೊನೆಯ ಹಂತವೇ ಹೆಚ್ಚು ಅಪಾಯಕಾರಿ. ಆ ವೇಳೆಗೆ ಮನೆಯವರು ಮಲಗಿರುತ್ತಾರೆ.

ಆದ್ದರಿಂದ ಎಚ್ಚರಿಕೆ ಗಂಟೆ ಇಲ್ಲದೆ ಒಲೆ ಹಚ್ಚುವಂತಿಲ್ಲ. ಅಮೆರಿಕದ ಯು.ಎಲ್. 2034 ಮಾನದಂಡದ ಉಪಕರಣವು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ 70 ಭಾಗವಿದ್ದರೆ ಒಂದರಿಂದ ನಾಲ್ಕು ಗಂಟೆಯೊಳಗೆ, 400 ಭಾಗವಿದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಯುರೋಪಿನಲ್ಲಿ ಪ್ರವಾಸಿ ವಾಹನ ಮತ್ತು ದೋಣಿಗಳಿಗೆಂದೇ ಇ.ಎನ್. 50291-2 ಎಂಬ ಪ್ರತ್ಯೇಕ ಮಾನದಂಡವಿದೆ. ಬೂದಿಯ ವಿಷಯದಲ್ಲಿಯೂ ಎಚ್ಚರ ಬೇಕು. ಅದರೊಳಗಿನ ಕೆಂಡ ದಿನಗಟ್ಟಲೆ ಜೀವಂತವಿರಬಲ್ಲದು. ಮುಚ್ಚಳವುಳ್ಳ ಲೋಹದ ಬಕೆಟಿನಲ್ಲಿ ಟ್ರೇಲರಿನ ಹೊರಗೆ ಇಡತಕ್ಕದ್ದು.

ತಯಾರಕರು ಗಮನಿಸಬೇಕಾದ ಅಂಶಗಳು

ಇಂಥ ಪುಟ್ಟ ಒಲೆಗಳು ದೊಡ್ಡ ಕಾರ್ಖಾನೆಗಳ ಸ್ವತ್ತಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ‘ಕ್ಯೂಬಿಕ್ ಮಿನಿ’, ಇಂಗ್ಲೆಂಡಿನ ಡೆವನ್ ಪ್ರದೇಶದ ಸಲಮಾಂಡರ್ ಸಂಸ್ಥೆಯ ‘ಹಾಬಿಟ್’ ಮೊದಲಾದವು ಸಣ್ಣ ವಾಸಸ್ಥಳಗಳ ಅಗತ್ಯವನ್ನೇ ಗುರಿಯಾಗಿಸಿಕೊಂಡು ಬೆಳೆದವು. ಬೆಳಗಾವಿಯಂಥ ಎರಕದ ಕೇಂದ್ರವಿರುವ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ ಒಲೆ’ಯನ್ನು ಕಂಡ ನಾಡಿಗೆ ಇಂಥ ವಸ್ತುವಿನ ತಯಾರಿಕೆ ಅಸಾಧ್ಯವೇನಲ್ಲ. ಕಬ್ಬಿಣ ಮತ್ತು ಉಕ್ಕಿನ ಒಲೆಗಳು ಸುಂಕಪಟ್ಟಿಯ 7321ನೇ ಶೀರ್ಷಿಕೆಯಡಿ ಬರುತ್ತವೆ. ಆದರೆ ರಫ್ತಿನ ಯೋಚನೆ ಮಾಡುವವರು ಕಬ್ಬಿಣದ ತೂಕದಿಂದ ಬೆಲೆ ಕಟ್ಟಲು ಹೊರಡಬಾರದು. ಕೆಳಗಿನ ಬಾಬತ್ತುಗಳನ್ನು ಮೊದಲೇ ಸೇರಿಸಿಕೊಳ್ಳಬೇಕು.

1. ಹೊಗೆಯ ಮಿತಿ: ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2015ರ ನಿಯಮದ ಎರಡನೆಯ ಹಂತವು 2020ರ ಮೇ 15ರಿಂದ ಜಾರಿಗೆ ಬಂದಿತು. ಅದು ಮನೆಯ ಸೌದೆ ಹೀಟರುಗಳ ಹೊಗೆಯ ಕಣಗಳನ್ನು ಗಂಟೆಗೆ 2 ಗ್ರಾಮಿಗೆ, ಸಾಮಾನ್ಯ ಕಟ್ಟಿಗೆಯಿಂದ ಪರೀಕ್ಷಿಸಿದಲ್ಲಿ 2.5 ಗ್ರಾಮಿಗೆ ಸೀಮಿತಗೊಳಿಸಿತು. ಡೇರೆಯಂಥ ತಾತ್ಕಾಲಿಕ ಆಸರೆಗಳಿಗೆ ಬಳಸುವ ಶಿಬಿರ ಒಲೆಗಳನ್ನು ಆ ನಿಯಮವು ಹೊರಗಿಟ್ಟಿತು. ಆ ವಿನಾಯಿತಿ ಹೊಗೆಯ ಮಿತಿಗೆ ಸಂಬಂಧಿಸಿದ್ದೇ ಹೊರತು ಬೆಂಕಿಯ ಸುರಕ್ಷತೆಗಲ್ಲ.

2. ಸುರಕ್ಷತಾ ಪರೀಕ್ಷೆ: ಅಮೆರಿಕದಲ್ಲಿ ಘನ ಇಂಧನದ ಕೋಣೆ ಹೀಟರುಗಳಿಗೆ ಯು.ಎಲ್. 1482 ಮಾನದಂಡವಿದೆ. ಮನೆಗೆ ಪರೀಕ್ಷೆಯಾದ ಒಲೆಯನ್ನು ಚಲಿಸುವ ವಾಹನಕ್ಕೂ ಯೋಗ್ಯವೆಂದು ಸಾರುವುದು ತಪ್ಪು.

3. ಪೂರ್ಣ ಜೋಡಣೆ: ಒಲೆ, ಕವಚ, ಎರಡು ಪದರದ ಕೊಳವೆ, ಛಾವಣಿಯ ಪಟ್ಟಿ, ಬೋಲ್ಟು ಇವೆಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಇರಬೇಕು. ಬಿಡಿಯಾಗಿ ಮಾರಿದರೆ ಗ್ರಾಹಕನು ಉಳಿತಾಯ ಮಾಡುವುದು ಕವಚದಲ್ಲಿ ಮತ್ತು ಕೊಳವೆಯಲ್ಲಿಯೇ.

4. ಸೂಚನಾಪತ್ರ: ಅಂತರವನ್ನು ಅಂಗುಲಗಳಲ್ಲಿ, ಸೌದೆಯನ್ನು ಕಿಲೋಗಳಲ್ಲಿ, ಗಾಳಿಕಿಂಡಿಯ ಅಳತೆಯನ್ನು ಸ್ಪಷ್ಟವಾಗಿ ಮುದ್ರಿಸಬೇಕು. ವ್ಯಾಜ್ಯ ಎದ್ದಾಗ ಮೊದಲು ಕೇಳಲಾಗುವ ದಾಖಲೆ ಇದೇ.

5. ವಿಮೆ: ತಯಾರಕನಿಗೆ ಉತ್ಪನ್ನ ಹೊಣೆಗಾರಿಕೆಯ ವಿಮೆ ಬೇಕು. ಟ್ರೇಲರಿನ ಒಡೆಯನು ಒಲೆ ಕೂರಿಸುವ ಮೊದಲೇ ತನ್ನ ವಿಮಾ ಸಂಸ್ಥೆಗೆ ತಿಳಿಸಿ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ.

ಒಟ್ಟಾರೆ ಹೇಳುವುದಾದರೆ, ಸಣ್ಣ ಟ್ರೇಲರಿನಲ್ಲಿ ಸೌದೆ ಒಲೆ ನಿಷಿದ್ಧವಾದ ವಸ್ತುವೇನಲ್ಲ. ಕೋಣೆಗೆ ತಕ್ಕ ಗಾತ್ರ, ಒಣ ಸೌದೆ, ಬಿಟ್ಟ ಅಂತರ, ಎತ್ತರದ ಚಿಮಣಿ, ಮುಚ್ಚದ ಗಾಳಿಕಿಂಡಿ ಮತ್ತು ಕೂಗುವ ಗಂಟೆ ಇವಿಷ್ಟಿದ್ದಲ್ಲಿ ಅದು ಕುರಿಗಾಹಿಯ ಬಂಡಿಯಲ್ಲಿ ಕೊಟ್ಟ ನೆಮ್ಮದಿಯನ್ನು ಇಂದಿಗೂ ಕೊಡಬಲ್ಲದು. ಇವುಗಳಿಗೆ ಹಣ ಸಾಲದೆಂದು ಕಂಡರೆ, ಕವಚವನ್ನೋ ಚಿಮಣಿಯನ್ನೋ ಬಿಟ್ಟು ಒಲೆಯನ್ನು ಉಳಿಸಿಕೊಳ್ಳುವುದು ಸಲ್ಲದು. ಒಲೆಯನ್ನೇ ಪಟ್ಟಿಯಿಂದ ತೆಗೆದು ಇನ್ನೆರಡು ಕಂಬಳಿ ಕೊಳ್ಳುವುದೇ ಸರಿಯಾದ ಲೆಕ್ಕ.